ಧಣಿ ಬಿಟ್ಟ ಸಾಫ್ಟ್‌ವೇರ್, ದರ ತಪ್ಪಿದ ತೊಗರಿ

ಅಕ್ಕಲಕೋಟೆಯಲ್ಲಿ ನಮ್ಮದೊಂದು ಅಡತಿ ಅಂಗಡಿ. ಗಡಿಯಾಚೆ ಅಫಜಲಪುರ ಕಡೆಯ ರೈತರೂ ನಮ್ಮ ಗಿರಾಕಿಗಳೇ. ಅಂಗಡಿಯ ವೆಬ್‌ಸೈಟಿನಲ್ಲಿ ತೊಗರಿ, ಜೋಳ, ಕಡಲೆಯ ಆ ದಿನದ ದರವನ್ನು ಮರಾಠಿಯಲ್ಲೂ ಕನ್ನಡದಲ್ಲೂ ಹಾಕುತ್ತೇವೆ. ಮರಾಠಿಯಲ್ಲಿ ಒಮ್ಮೆ ಬರೆದರೆ ಅಂಕಿಗಳು ತಾವಾಗಿಯೇ ಕನ್ನಡ ಪುಟಕ್ಕೂ ಹೋಗುವಂತೆ, ಪುಕ್ಕಟೆ ಸಿಕ್ಕ ಒಂದು ಸಣ್ಣ ‘ಪ್ಲಗಿನ್’ ಜೋಡಿಸಿದ್ದೆವು.

ಕಳೆದ ಸುಗ್ಗಿಯಲ್ಲಿ ಹಿರಿಯ ರೈತರೊಬ್ಬರು ಟೆಂಪೋ ತುಂಬ ತೊಗರಿ ತಂದು ಇಳಿಸಿದರು. ದರ ಕೇಳುತ್ತಲೇ ಅವರ ಮುಖ ಬಾಡಿತು. “ಏನ್ರೀ ಸಾವ್ಕಾರ್ರ, ಕನ್ನಡದಾಗ ಒಂದ್ ರೇಟು, ಮರಾಠಿಯಾಗ ಒಂದ್ ರೇಟು ಏನು? ಮೊಮ್ಮಗ ಮೊಬೈಲ್‌ದಾಗ ಓದಿ ಹೇಳ್ಯಾನ” ಎಂದರು. ನೋಡಿದರೆ ಮಾತು ಖರೆ. ಮರಾಠಿ ಪುಟದಲ್ಲಿ ಆ ದಿನದ ದರ, ಕನ್ನಡ ಪುಟದಲ್ಲಿ ಒಂಬತ್ತು ದಿನದ ಹಿಂದಿನದು! ಫರಕಿನ ಹಣ ನಾನೇ ಕೊಟ್ಟೆ. ಹಣಕ್ಕಿಂತ ಆ ಪ್ರಶ್ನೆ ಚುಚ್ಚಿತು. ಗಡಿಯಲ್ಲಿ ಅಂಗಡಿ ನಡೆಸುವವನಿಗೆ ಇದಕ್ಕಿಂತ ಕೆಟ್ಟ ಹೆಸರು ಇನ್ನೊಂದಿಲ್ಲ.

ವೆಬ್‌ಸೈಟ್ ನೋಡಿಕೊಳ್ಳುವ ಅಣ್ಣನ ಮಗ ತಪಾಸು ಮಾಡಿ, “ಕಾಕಾ, ಇದನ್ನ ಬರದಾಂವ ಎರಡ್ ವರ್ಷದ ಹಿಂದನ ಕೈ ಬಿಟ್ಟಾನ. ಮೊನ್ನೆ ಮೂಲ ಸಾಫ್ಟ್‌ವೇರ್ ಹೊಸದಾಯ್ತು, ಇದು ಹಳೇದ ಉಳೀತು. ಅಂಕಿ ದಾಟಿಸೋದು ನಿಂತದ” ಎಂದ.

ಎರಡು ವರ್ಷ ನಮಗೆ ಯಾರೂ ಹೇಳಲಿಲ್ಲವೇಕೆ? ಇಂಥ ಜೋಡಣೆಗಳನ್ನು ತಂದು ಕೂಡಿಸಿ, ಕಾಲಕಾಲಕ್ಕೆ ಹೊಸದು ಮಾಡುವ ವ್ಯವಸ್ಥೆಗೆ ‘ಪ್ಯಾಕೇಜ್ ಮ್ಯಾನೇಜರ್’ ಎನ್ನುತ್ತಾರೆ. ಗೋದಾಮಿನ ಗುಮಾಸ್ತನಿದ್ದಂತೆ. ಹೊಸ ಮಾಲು ಬಂದರೆ ಕೂಗಿ ಹೇಳುತ್ತಾನೆ. ಮಾಲು ಬರುವುದೇ ನಿಂತರೆ ತೆಪ್ಪಗಿರುತ್ತಾನೆ.

ಹಾಗೆಂದು ಧಣಿ ಬಿಟ್ಟದ್ದನ್ನೆಲ್ಲ ಅಳಿಸಿ ಹಾಕುವಂತಿಲ್ಲ. 2016ರ ಮಾರ್ಚಿನಲ್ಲಿ ಹೆಸರಿನ ತಗಾದೆಯಿಂದ ಸಿಟ್ಟಿಗೆದ್ದ ಲೇಖಕನೊಬ್ಬ, ‘ಎನ್‌ಪಿಎಂ’ ಎಂಬ ಗೋದಾಮಿನಿಂದ ತನ್ನ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ತುಣುಕನ್ನು ಹಿಂತೆಗೆದುಕೊಂಡ. ಅದನ್ನು ನೆಚ್ಚಿದ್ದ ಸಾವಿರಾರು ಸಾಫ್ಟ್‌ವೇರ್‌ಗಳ ಕೆಲಸ ಕೆಟ್ಟು, ಗೋದಾಮಿನವರೇ ಅದನ್ನು ಮರಳಿ ಇಡಬೇಕಾಯಿತು. ಸಿಕ್ಕವರ ಕೈಗೆ ಕೀಲಿ ಕೊಡುವುದೂ ಗಂಡಾಂತರವೇ. 2018ರಲ್ಲಿ ‘ಇವೆಂಟ್-ಸ್ಟ್ರೀಮ್’ ಬರೆದವನು, ತನಗಿನ್ನು ಅದರ ಉಸಾಬರಿ ಬೇಡವೆಂದು, ತಾನಾಗಿ ಕೇಳಿಬಂದ ಅಪರಿಚಿತನಿಗೆ ಅದನ್ನು ವಹಿಸಿಬಿಟ್ಟಿದ್ದ. ಆ ಪುಣ್ಯಾತ್ಮ ಬಿಟ್‌ಕಾಯಿನ್ ಕದಿಯುವ ಕೋಡ್ ಒಳಸೇರಿಸಿದ. ಚೀಲದ ಮೇಲಿನ ಛಾಪು ಹಳೆಯದೇ, ಒಳಗಿನ ಮಾಲು ಬೇರೆ.

ನನಗೆ ಒಪ್ಪಿಗೆಯಾದದ್ದು ಡೆಬಿಯನ್ ಪದ್ಧತಿ. ಅಲ್ಲಿ ನೋಡಿಕೊಳ್ಳಲು ಆಗದವನು ತನ್ನ ಪ್ಯಾಕೇಜನ್ನು ‘ಅನಾಥ’ ಎಂದು ಬಹಿರಂಗ ಪಟ್ಟಿಗೆ ಹಾಕುತ್ತಾನೆ. ದತ್ತು ತೆಗೆದುಕೊಳ್ಳುವವನೂ ಬಹಿರಂಗವಾಗಿಯೇ ಹೇಳಬೇಕು. ಅಲ್ಲಿಯವರೆಗೆ ಗುಣಮಟ್ಟದ ತಂಡ ನಿಗಾ ಇಡುತ್ತದೆ. ಎನ್‌ಪಿಎಂನಲ್ಲೂ ‘ಇದನ್ನಿನ್ನು ಬಳಸಬೇಡಿ’ ಎಂಬ ಚೀಟಿ ಅಂಟಿಸಬಹುದು, ಆದರೆ ಅಂಟಿಸಬೇಕಾದವನು ಬರೆದವನೇ. ಹೇಳದೆ ಕೇಳದೆ ಹೋದವನು ಚೀಟಿ ಅಂಟಿಸಿ ಹೋಗುತ್ತಾನೆಯೇ?

ಆದ್ದರಿಂದ ಗುಮಾಸ್ತನೇ ಬಾಯಿ ಬಿಡಬೇಕು. ಹಳೆಯ ಮಾಲು ಗೋದಾಮಿನಲ್ಲಿರಲಿ, ಆದರೆ ವರ್ಷಗಟ್ಟಲೆ ಕೈಯಾಡದಿದ್ದರೆ ಈಗಾಗಲೇ ಒಯ್ದವರ ಮನೆಗೂ ಸುದ್ದಿ ಮುಟ್ಟಲಿ. ಧಣಿ ಬದಲಾದರೆ ನಮ್ಮನ್ನು ಕೇಳದೆ ಹೊಸದು ಇಳಿಸುವುದು ಬೇಡ.

ಕನ್ನಡ ಪುಟದ ದರವನ್ನು ಈಗ ನಾನೇ ದಿನಾ ಮುಂಜಾನೆ ತಾರೀಖು ಸಹಿತ ಬರೆಯುತ್ತೇನೆ. ಆ ಹಿರಿಯರು ಈಚೆಗೆ ಜೋಳ ತಂದಿದ್ದರು. ಹೊರಡುವ ಮುನ್ನ ಫೋನ್ ಮಾಡಿ ದರ ಕೇಳಿದರು.