ರಕ್ತನಾಳದಿಂದ ಉಣ್ಣುವ ಮಕ್ಕಳು

ಸಣ್ಣ ಕರುಳಿನ ಬಹುಭಾಗವನ್ನು ಕಳೆದುಕೊಂಡ ಶಿಶುವಿಗೆ ಬಾಯಿಂದ ಉಣಿಸಿದ್ದು ಮೈಗೆ ಹತ್ತುವುದಿಲ್ಲ. ಅಂತಹ ಮಗುವನ್ನೂ ಪೋಷಕ ದ್ರವವನ್ನು ನೇರವಾಗಿ ರಕ್ತಕ್ಕೆ ಹರಿಸಿ ಬೆಳೆಸಬಹುದೆಂಬುದನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆದರೆ ಹೃದಯದ ಸಮೀಪದವರೆಗೆ ಸಾಗುವ ಆ ಕ್ಯಾಥೆಟರ್ ಕೊಳವೆಯು ಆಹಾರಕ್ಕೆ ಹೇಗೋ ಹಾಗೆ ರೋಗಾಣುವಿಗೂ ನೇರ ದಾರಿಯಾಗಿದೆ.

ಕೊಳವೆಯ ಹೊರತುದಿಯನ್ನು ಮುಟ್ಟುವ ನಮ್ಮ ಕೈಗಳಿಂದಲೇ ರೋಗಾಣು ಒಳಸೇರಬಲ್ಲದು. ಆದುದರಿಂದ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಬೇಕು. ಬಳಿಕ ಕೊಳವೆಯ ಜೋಡಣೆಯ ತುದಿಯನ್ನು ಆಲ್ಕೋಹಾಲ್ ಸ್ವಾಬಿನಿಂದ ಕನಿಷ್ಠ 15 ಸೆಕೆಂಡು ಚೆನ್ನಾಗಿ ತಿಕ್ಕಿ, ತಾನಾಗಿ ಆರಲು ಬಿಡಬೇಕು. ಗಾಯಕ್ಕೆ ಔಷಧ ಹಚ್ಚಿ ಬಾಯಿಂದ ಊದುವುದು ನಮ್ಮ ಮನೆಗಳ ಮಮತೆಯ ರೂಢಿ. ಇಲ್ಲಿ ಅದು ಸಲ್ಲದು. ಸೋಂಕು ಮರುಕಳಿಸುವ ಮಕ್ಕಳಿಗೆ, ಬಳಕೆಯಿಲ್ಲದ ವೇಳೆಯಲ್ಲಿ ಕೊಳವೆಯೊಳಗೆ ಟಾರೋಲಿಡಿನ್ ದ್ರಾವಣವನ್ನು ತುಂಬಿಡುವಂತೆ ವೈದ್ಯರು ಸೂಚಿಸುವುದುಂಟು.

ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ದ್ರವ ಹರಿಯತೊಡಗಿದ ಮೇಲೆ ಚಳಿನಡುಕ ಹುಟ್ಟಿದರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬಾರದು. ನಡುರಾತ್ರಿಯಾದರೂ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ರಕ್ತದ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಮಗು ಉಳಿದರೂ ಕೊಳವೆಯನ್ನು ತೆಗೆದು ಬೇರೆಡೆ ಹಾಕಬೇಕಾಗಬಹುದು. ಅದಕ್ಕೆ ಒದಗುವ ದೊಡ್ಡ ನಾಳಗಳಾದರೋ ಆ ಪುಟ್ಟ ಮೈಯಲ್ಲಿ ಕೆಲವೇ ಇವೆ.