ಬಡ ಊರಿನ ಮಕ್ಕಳು ಓದಲು ಕಲಿತ ಬಗೆ

"ಅವರ ಮನೆಯೇ ಹಾಗೆ. ತಂದೆಗೆ ಸರಿಯಾದ ಕೆಲಸವಿಲ್ಲ, ತಾಯಿಗೆ ಓದು ಬರದು. ಇನ್ನು ಮಕ್ಕಳು ಕಲಿಯುವುದಾದರೂ ಹೇಗೆ?"

ಶಾಲೆಯ ಫಲಿತಾಂಶ ಬಂದ ದಿನ ಇಂತಹ ಮಾತನ್ನು ನೀವೂ ಕೇಳಿರಬಹುದು. ನೀವೇ ಆಡಿರಲೂಬಹುದು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ನೆಪವಿದೆ? ದೂರದ ಒಂದು ಪುಟ್ಟ ಊರಿನ ಶಾಲೆಗಳು ಇದಕ್ಕೆ ಉತ್ತರ ಹೇಳುತ್ತವೆ.

ಅಮೆರಿಕದ ಒಹಾಯೊ ರಾಜ್ಯದ ಪೂರ್ವದ ಅಂಚಿನಲ್ಲಿ, ಒಹಾಯೊ ನದಿಯ ದಂಡೆಯ ಮೇಲೆ ಸ್ಟೂಬೆನ್‌ವಿಲ್ ಎಂಬ ಊರಿದೆ. ಅದು ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಗಳಿಂದ ಬದುಕಿದ ಊರು. 1940ರಲ್ಲಿ ಅಲ್ಲಿ 37 ಸಾವಿರಕ್ಕೂ ಹೆಚ್ಚು ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಹೋಯಿತು, ಜನರೂ ಊರು ಬಿಟ್ಟರು. 2020ರ ಜನಗಣತಿಯ ವೇಳೆಗೆ ಉಳಿದವರು ಸುಮಾರು 18 ಸಾವಿರ. ಅವರಲ್ಲಿ ಹೆಚ್ಚಿನವರು ಬಿಳಿಯರು, ಕರಿಯರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅಲ್ಲಿನ ಸರಕಾರಿ ಶಾಲೆಗೆ ಬರುವ ಮಕ್ಕಳಲ್ಲಿ ಬಹುಪಾಲು ಬಡ ಕುಟುಂಬದವರು.

ಅಮೆರಿಕದಲ್ಲಿ ಸರಕಾರಿ ಶಾಲೆಗಳನ್ನು ನಡೆಸುವುದು 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಆಡಳಿತ. ಅದು ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ಒಂದು ಊರಿಗೇ ಒಂದು ಇರುವುದುಂಟು. ಸಾಮಾನ್ಯವಾಗಿ ಜನರೇ ಆರಿಸಿದ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಶಾಲೆಯ ಹಣದ ದೊಡ್ಡ ಪಾಲು ಆ ಊರಿನ ಮನೆ, ಜಮೀನುಗಳ ತೆರಿಗೆಯಿಂದ ಬರುತ್ತದೆ. ಮನೆಗಳಿಗೆ ಬೆಲೆಯಿಲ್ಲದ ಊರಿನಲ್ಲಿ ತೆರಿಗೆಯೂ ಕಡಿಮೆ. ರಾಜ್ಯ ಸರಕಾರ ನೆರವು ನೀಡಿದರೂ ಮಗು ಯಾವ ಊರಿನಲ್ಲಿ ಹುಟ್ಟಿತು ಎಂಬುದು ಅದರ ಕಲಿಕೆಗೆ ತಟ್ಟದೆ ಇರದು.

ಇದು ಬರೀ ಊಹೆಯಲ್ಲ. 1966ರಲ್ಲಿ ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಲಕ್ಷಾಂತರ ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿದ ವರದಿ ಹೊರಬಂತು. ಮಕ್ಕಳ ಅಂಕಗಳ ನಡುವಿನ ಅಂತರಕ್ಕೆ ಶಾಲೆಗಿಂತಲೂ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಅದು ಹೇಳಿತು. ಅರ್ಧ ಶತಮಾನದ ಬಳಿಕ, 2016ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಾನ್ ರಿಯರ್ಡನ್ ಮತ್ತು ಸಂಗಡಿಗರು ದೇಶದ ಸಾವಿರಾರು ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಹೋಲಿಸಿ ನೋಡಿದರು. ಆರನೆಯ ತರಗತಿಗೆ ಬರುವಾಗ ಅತಿ ಶ್ರೀಮಂತ ಊರುಗಳ ಮಕ್ಕಳು ಅತಿ ಬಡ ಊರುಗಳ ಮಕ್ಕಳಿಗಿಂತ ನಾಲ್ಕು ತರಗತಿಗಳಷ್ಟು ಮುಂದಿದ್ದರು! ಅಂದರೆ, ಮನೆಯ ಬಗ್ಗೆ ನಾವಾಡುವ ಮಾತಿನಲ್ಲಿ ಸತ್ಯವಿದೆ.

ಆದರೆ ಸ್ಟೂಬೆನ್‌ವಿಲ್ ಆ ಲೆಕ್ಕಕ್ಕೆ ಸಿಗಲಿಲ್ಲ. ಅಲ್ಲಿನ ಮೂರನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ರಾಜ್ಯದ ಓದುವ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟುತ್ತಾ ಬಂದಿದ್ದಾರೆ. ಒಂದೆರಡು ವರ್ಷವಲ್ಲ, ಹತ್ತಾರು ವರ್ಷ. ಶ್ರೀಮಂತ ಊರುಗಳ ಶಾಲೆಗಳನ್ನೂ ಹಿಂದಿಕ್ಕಿ ದೇಶದ ಮುಂಚೂಣಿಯ ಸಾಲಿನಲ್ಲಿ ಅವರು ನಿಂತರು. 2025ರಲ್ಲಿ ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ ತಮ್ಮ ಪಾಡ್‌ಕಾಸ್ಟ್ ಸರಣಿಯಲ್ಲಿ ಈ ಊರನ್ನು ಜಗತ್ತಿಗೆ ಪರಿಚಯಿಸಿದರು.

ಹಾಗಾದರೆ ಅವರು ಮಾಡಿದ್ದೇನು? ರಾಬರ್ಟ್ ಸ್ಲೇವಿನ್ ಮತ್ತು ನ್ಯಾನ್ಸಿ ಮ್ಯಾಡನ್ ಎಂಬ ದಂಪತಿ 1987ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆರಂಭಿಸಿದ 'ಸಕ್ಸೆಸ್ ಫಾರ್ ಆಲ್' ಎಂಬ ಕ್ರಮವನ್ನು ಸುಮಾರು 25 ವರ್ಷಗಳ ಹಿಂದೆ ತಮ್ಮ ಶಾಲೆಗಳಿಗೆ ತಂದರು. ಅದರಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ದಿನಕ್ಕೆ 90 ನಿಮಿಷ ಓದಿಗೇ ಮೀಸಲು. ಆ ಹೊತ್ತಿನಲ್ಲಿ ಮಕ್ಕಳು ವಯಸ್ಸಿನ ಪ್ರಕಾರ ಕೂರುವುದಿಲ್ಲ, ಓದುವ ಮಟ್ಟದ ಪ್ರಕಾರ ಗುಂಪಾಗುತ್ತಾರೆ. ಗುಂಪುಗಳು ಚಿಕ್ಕದಾಗಿರಲೆಂದು ಆಟದ ಶಿಕ್ಷಕರೂ ಓದು ಕಲಿಸುತ್ತಾರೆ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ ಕಲಿಸುತ್ತಾರೆ. ಮಕ್ಕಳು ಜೋಡಿಯಾಗಿ ಕುಳಿತು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಕೆಲವು ವಾರಗಳಿಗೊಮ್ಮೆ ಪರೀಕ್ಷಿಸಿ, ಮುಂದೆ ಬಂದ ಮಗುವನ್ನು ಮೇಲಿನ ಗುಂಪಿಗೆ ಕಳುಹಿಸುತ್ತಾರೆ. ಹಿಂದುಳಿದ ಮಗುವಿಗೆ ಪ್ರತ್ಯೇಕ ಪಾಠ ಸಿಗುತ್ತದೆ. ಮೂರು ವರ್ಷದ ಮಕ್ಕಳಿಗೂ ಶಿಶುಶಾಲೆಯಿದೆ. ಅಲ್ಲಿ ಪೂರ್ಣ ವಾಕ್ಯದಲ್ಲಿ ಮಾತನಾಡುವುದೇ ದೊಡ್ಡ ಪಾಠ.

2000ದ ಆಸುಪಾಸಿನಲ್ಲಿ ಅಮೆರಿಕದ ಸುಮಾರು ಒಂದೂವರೆ ಸಾವಿರ ಶಾಲೆಗಳು ಈ ಕ್ರಮವನ್ನು ಅನುಸರಿಸುತ್ತಿದ್ದವು. ಬಳಿಕ ಎಷ್ಟೋ ಶಾಲೆಗಳು ಅದನ್ನು ಕೈಬಿಟ್ಟವು. ಸ್ಟೂಬೆನ್‌ವಿಲ್ ಬಿಡಲಿಲ್ಲ. ಹಿಡಿದ ಕೆಲಸವನ್ನು ಕಾಲು ಶತಮಾನ ಬಿಡದೆ ಮಾಡಿದ್ದು ಅದರ ಹೆಚ್ಚುಗಾರಿಕೆ.

ಮಟ್ಟಕ್ಕೆ ತಕ್ಕಂತೆ ಕಲಿಸುವುದು ನಮಗೂ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ'ಯಲ್ಲಿಯೂ ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತಬೇಕೆಂಬ ಆಶಯವೇ ಇತ್ತು.

ಸಹೋದರಿಯರೇ, ಶಾಲೆ ಮಾಡಬೇಕಾದುದನ್ನು ಶಾಲೆಯೇ ಮಾಡಬೇಕು, ಅದನ್ನು ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿ ನೀವು ಮಾಡಬಹುದಾದುದೂ ಇದೆ. ನಿಮ್ಮ ಮನೆಮಾತು ಉರ್ದುವಾಗಲಿ, ಬ್ಯಾರಿಯಾಗಲಿ, ಕನ್ನಡವಾಗಲಿ, ಮಗು ಕೈತೋರಿಸಿ "ಅದು" ಎಂದಾಗ ಸುಮ್ಮನೆ ಎತ್ತಿಕೊಡಬೇಡಿ. "ಏನು ಬೇಕು, ಯಾಕೆ ಬೇಕು?" ಎಂದು ಕೇಳಿ, ಪೂರ್ತಿ ಹೇಳಿಸಿ. ನೆಂಟರ ಮದುವೆಗೆಂದು ವಾರಗಟ್ಟಲೆ ಶಾಲೆ ತಪ್ಪಿಸಬೇಡಿ.

ಇನ್ನೊಂದು ಸಣ್ಣ ಪರೀಕ್ಷೆ. ಮೂರನೆಯ ತರಗತಿಯ ನಿಮ್ಮ ಮಗುವಿನ ಮುಂದೆ ಅದು ಎಂದೂ ನೋಡದ ಪುಸ್ತಕದ ಒಂದು ಪುಟ ತೆರೆದಿಡಿ. ಪಾಠಪುಸ್ತಕ ಬೇಡ, ಅದು ಬಾಯಿಪಾಠವಾಗಿರಬಹುದು. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗು ತಡವರಿಸುತ್ತದೆಯೇ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆಯೇ ಎಂದು ನೋಡಲು ನಿಮ್ಮ ಕಣ್ಣು, ಕಿವಿಗಳೇ ಸಾಕು. ತಡವರಿಸಿದರೆ ಗದರಬೇಡಿ. ಮರುದಿನವೇ ಶಾಲೆಗೆ ಹೋಗಿ ಶಿಕ್ಷಕಿಯನ್ನು ಕಾಣಿರಿ. ಮೂರನೆಯ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ, ಅಲ್ಲಿಂದ ಮುಂದೆ ಕಲಿಯುವುದಕ್ಕಾಗಿ ಓದಬೇಕಾಗುತ್ತದೆ. ಓದು ಬಾರದ ಮಗುವಿಗೆ ವಿಜ್ಞಾನವೂ ಗಣಿತವೂ ಮುಚ್ಚಿದ ಬಾಗಿಲು.

"ಅವರ ಮನೆಯೇ ಹಾಗೆ" ಎಂಬ ಮಾತು ಮುಂದೆ ನಿಮ್ಮ ಕಿವಿಗೆ ಬಿದ್ದರೆ, ನದಿ ದಂಡೆಯ ಆ ಬಡ ಊರನ್ನು ನೆನಪಿಸಿಕೊಳ್ಳಿ. ಅಲ್ಲಿನ ಮನೆಗಳೂ ಹಾಗೆಯೇ ಇದ್ದವು. ಆದರೂ ಮಕ್ಕಳು ಓದಿದರು.