ಮರ್ತಬಾನ್ ಜಾಡಿಗಳು

ಕನ್ನಡನಾಡಿನ ಅಡುಗೆಮನೆಗಳಲ್ಲಿ ಉಪ್ಪಿನಕಾಯಿಯ ಭರಣಿಗೆ ಗೌರವದ ಸ್ಥಾನವಿದೆ. ಉಪ್ಪು, ಹುಳಿಗಳು ಲೋಹದ ಪಾತ್ರೆಯನ್ನು ತಿಂದುಹಾಕಬಲ್ಲವು. ಮೆರುಗು ಲೇಪಿಸಿ ಸುಟ್ಟ ಭರಣಿಯನ್ನು ಅವು ಏನೂ ಮಾಡಲಾರವು. ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಇಂತಹ ಜಾಡಿಗೆ ‘ಮರ್ತಬಾನ್’ ಎಂದು ಹೆಸರು. ಈ ಹೆಸರಿನ ಹಿಂದೆ ಒಂದು ರೇವುಪಟ್ಟಣದ ನೆನಪು ಅಡಗಿದೆ. ಬರ್ಮಾ ದೇಶದ, ಎಂದರೆ ಇಂದಿನ ಮ್ಯಾನ್ಮಾರಿನ, ಮೊಟ್ಟಮ ಎಂಬ ಊರು ಹಿಂದೆ ಮರ್ತಬಾನ್ ಎಂದು ಪ್ರಸಿದ್ಧವಾಗಿತ್ತು. ಅಲ್ಲಿಂದ ದೊಡ್ಡ ದೊಡ್ಡ ಜಾಡಿಗಳು ಹಡಗುಗಳನ್ನೇರಿ ದೂರದೇಶಗಳಿಗೆ ಹೋಗುತ್ತಿದ್ದವು. ಕಾಲಕ್ರಮದಲ್ಲಿ ಚೀನಾದಲ್ಲಿ ತಯಾರಾದ ಜಾಡಿಗಳಿಗೂ ಆ ಹೆಸರೇ ನಿಂತಿತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು, ಕಡಲ ಪ್ರಯಾಣಕ್ಕಾಗಿ ಉಪ್ಪು ಹಾಕಿದ ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ತುಂಬಿದ ಮರ್ತಬಾನ್‌ಗಳು ತನಗೆ ಉಡುಗೊರೆಯಾಗಿ ದೊರೆತವೆಂದು ಹೇಳಿದ್ದಾನೆ.

ಈ ಜಾಡಿಗಳಲ್ಲಿ ಹಲವು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಫುಜಿಯಾನ್ ಪ್ರಾಂತಗಳಲ್ಲಿ ಹುಟ್ಟಿದವು. ಅಲ್ಲಿಯ ಕುಂಬಾರರು ಬೆಟ್ಟದ ಇಳಿಜಾರಿನಲ್ಲಿ ಉದ್ದವಾದ ಆವಿಗೆಗಳನ್ನು ಕಟ್ಟುತ್ತಿದ್ದರು. ಕೆಳತುದಿಯಲ್ಲಿ ಹೊತ್ತಿಸಿದ ಬೆಂಕಿಯ ಜ್ವಾಲೆ ಇಳಿಜಾರಿನುದ್ದಕ್ಕೂ ಮೇಲೇರಿ ಸಾವಿರಾರು ಪಾತ್ರೆಗಳನ್ನು ಒಮ್ಮೆಗೇ ಸುಡುತ್ತಿತ್ತು. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೆಂದ ಜೇಡಿಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ನೀರನ್ನು ಹೀರದಂತಾಗುತ್ತದೆ. ಇಂತಹ ಜಾಡಿಗಳ ಭುಜದ ಮೇಲೆ ನಾಲ್ಕಾರು ಸಣ್ಣ ಕಿವಿಗಳಿರುತ್ತವೆ. ಬಾಯಿಗೆ ಹೊದಿಸಿದ ಮುಚ್ಚಳವನ್ನು ಈ ಕಿವಿಗಳಿಗೆ ಹಗ್ಗ ಪೋಣಿಸಿ ಬಿಗಿಯುತ್ತಿದ್ದರು. ನೀರು, ಎಣ್ಣೆ, ಮದ್ಯ, ಉಪ್ಪುಹಾಕಿದ ಪದಾರ್ಥಗಳು ಇವುಗಳಲ್ಲಿ ಕಡಲು ದಾಟುತ್ತಿದ್ದವು. ತಯಾರಿಸಿದವರ ದೃಷ್ಟಿಯಲ್ಲಿ ಜಾಡಿಯು ಕೇವಲ ಸರಕು ತುಂಬುವ ಸಾಧನ; ಸರಕು ಖಾಲಿಯಾದರೆ ಅದರ ಕೆಲಸವೂ ಮುಗಿಯಿತು.

ಆದರೆ ಜಾಡಿಯ ನಿಜವಾದ ಬಾಳು ಅಲ್ಲಿಂದಲೇ ಆರಂಭವಾಯಿತು. ಬೋರ್ನಿಯೋ ದ್ವೀಪದ ಡಯಾಕ್ ಜನರಲ್ಲಿ ಚೀನೀ ಜಾಡಿಯು ಮನೆತನದ ಸಂಪತ್ತಿನ ಅಳತೆಗೋಲಾಯಿತು. ಅಕ್ಕಿಯ ಮದ್ಯವನ್ನು ಹುದುಗಿಸಲು ಅದನ್ನು ಬಳಸಿದರು. ಮದುವೆಯಲ್ಲಿ ತೆರವಾಗಿ ಕೊಟ್ಟರು. ತಪ್ಪು ಮಾಡಿದವನಿಂದ ದಂಡವಾಗಿ ಪಡೆದರು. ಕೆಲವೆಡೆ ಸತ್ತವರ ಅಸ್ಥಿಗಳನ್ನು ಜಾಡಿಯಲ್ಲಿಟ್ಟು ಸಂಸ್ಕಾರ ಮಾಡಿದರು. ಡ್ರ್ಯಾಗನ್ ಎಂಬ ಸರ್ಪಾಕೃತಿ ಮೂಡಿದ ಹಳೆಯ ಜಾಡಿಗಳಿಗೆ ಬೆಲೆ ಹೆಚ್ಚು. ಅವುಗಳಲ್ಲಿ ಚೈತನ್ಯವೊಂದು ನೆಲೆಸಿದೆಯೆಂದು ನಂಬಿ, ಪೂಜ್ಯಭಾವದಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಇಂತಹ ಕುಲಧನವನ್ನು ಅಲ್ಲಿಯವರು ‘ಪುಸಾಕ’ ಎಂದು ಕರೆಯುತ್ತಾರೆ.

ಜಪಾನಿನಲ್ಲಿ ಇದೇ ಬಗೆಯ ಜಾಡಿಗೆ ಬೇರೊಂದು ಭಾಗ್ಯ ಒದಗಿತು. ಅಲ್ಲಿಯ ಚಹಾ ಗುರುಗಳು ಎಲೆಯನ್ನು ಕಾಪಾಡಲು ಅದನ್ನು ಆರಿಸಿಕೊಂಡರು. ಶ್ರೇಷ್ಠವಾದ ಜಾಡಿಗಳಿಗೆ ಮನುಷ್ಯರಿಗೆಂಬಂತೆ ಹೆಸರಿಟ್ಟರು. ರೇಷ್ಮೆಯ ಮುಸುಕು, ಬಣ್ಣದ ದಾರಗಳ ಅಲಂಕಾರ ತೊಡಿಸಿದರು. 13 ಅಥವಾ 14ನೆಯ ಶತಮಾನದಲ್ಲಿ ದಕ್ಷಿಣ ಚೀನಾದಲ್ಲಿ ತಯಾರಾದ ‘ಚಿಗುಸ’ ಎಂಬ ಜಾಡಿಯನ್ನು 16ನೆಯ ಶತಮಾನದ ಚಹಾಪ್ರಿಯರು ತಮ್ಮ ದಿನಚರಿಗಳಲ್ಲಿ ವರ್ಣಿಸಿದ್ದಾರೆ. ಅದು 2009ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಫ್ರೀಯರ್ ಕಲಾಶಾಲೆಯನ್ನು ಸೇರಿತು. ಜಾಡಿಯೊಡನೆ ಅದರ ಮುಸುಕು, ಪೆಟ್ಟಿಗೆಗಳು, ಹಳೆಯ ಪತ್ರಗಳೂ ಉಳಿದುಬಂದಿರುವುದರಿಂದ ಅದರ ಚರಿತ್ರೆಯನ್ನು ಓದುವುದು ಸಾಧ್ಯವಾಗಿದೆ.

ಚೀನೀ ಪಾತ್ರೆಗಳ ಸಂಗ್ರಹಕ್ಕೆ ವಿದ್ವತ್ತಿನ ಶಿಸ್ತನ್ನು ತಂದವರಲ್ಲಿ ಸರ್ ಪರ್ಸಿವಲ್ ಡೇವಿಡ್ ಪ್ರಮುಖರು. 1892ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು ಸುಮಾರು 1700 ಪಾತ್ರೆಗಳನ್ನು ಸಂಗ್ರಹಿಸಿದರು. ಆ ಸಂಗ್ರಹವು 2009ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿತವಾಗಿದೆ. ಅದರಲ್ಲಿ ನೀಲಿ ಚಿತ್ತಾರದ ಒಂದು ಜೊತೆ ಹೂದಾನಿಗಳಿವೆ. ಭಕ್ತನೊಬ್ಬನು ಅವನ್ನು ದೇವಾಲಯಕ್ಕೆ ಅರ್ಪಿಸಿದನೆಂಬ ಬರಹ ಅವುಗಳ ಕೊರಳಿನ ಮೇಲಿದೆ; ಅದರ ಕಾಲ ಕ್ರಿ.ಶ. 1351. ಅಷ್ಟು ಹಿಂದೆಯೇ ಅಂತಹ ಪ್ರೌಢವಾದ ನೀಲಿ ಚಿತ್ತಾರ ಇದ್ದಿರಲಾರದೆಂದು ಹಲವರು ತಿಳಿದಿದ್ದರು. 1950ರ ದಶಕದಲ್ಲಿ ಜಾನ್ ಪೋಪ್ ಎಂಬ ಅಮೆರಿಕನ್ ವಿದ್ವಾಂಸರು ಇಸ್ತಾಂಬುಲ್ಲಿನ ಟೋಪ್‌ಕಾಪಿ ಅರಮನೆಯ ಮತ್ತು ಇರಾನಿನ ಆರ್ದಬಿಲ್ ಗೋರಿಗುಡಿಯ ಸಂಗ್ರಹಗಳನ್ನು ಈ ಜೊತೆಗೆ ಹೋಲಿಸಿ, ತಾರೀಖಿಲ್ಲದ ಅನೇಕ ಪಾತ್ರೆಗಳು 14ನೆಯ ಶತಮಾನದವೆಂದು ಗುರುತಿಸಿದರು. ಎರಡು ಹೂದಾನಿಗಳ ಬರಹವು ಹಲವು ದೇಶಗಳ ಪಾತ್ರೆಗಳ ಕಾಲವನ್ನು ತಿಳಿಸಿಕೊಟ್ಟಿತು.

ಹಳೆಯ ಪಾತ್ರೆಯನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ಬಲ್ಲವನು ಮೊದಲು ಪಾತ್ರೆಯನ್ನು ತಲೆಕೆಳಗು ಮಾಡಿ ತಳವನ್ನು ನೋಡುತ್ತಾನೆ. ಮೆರುಗಿಲ್ಲದ ಆ ಭಾಗದಲ್ಲಿ ಮಣ್ಣಿನ ಬಣ್ಣ, ನಯ, ಸವಕಳಿಗಳು ಕಾಣುತ್ತವೆ. ದೊಡ್ಡ ಜಾಡಿಗಳನ್ನು ಭಾಗಭಾಗವಾಗಿ ಮಾಡಿ ಜೋಡಿಸುತ್ತಿದ್ದುದರಿಂದ, ಒಳಗೆ ಕೈಯಾಡಿಸಿದರೆ ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತದೆ. ತಳದಲ್ಲಿ ಬರೆದ ಚಕ್ರವರ್ತಿಯ ಹೆಸರನ್ನು ಮಾತ್ರ ನೆಚ್ಚುವಂತಿಲ್ಲ. ಪೂರ್ವಿಕರ ಕುಶಲತೆಯ ಮೇಲಿನ ಗೌರವದಿಂದ ಕೆಲವರು, ಮೋಸದ ಉದ್ದೇಶದಿಂದ ಕೆಲವರು, ಹಿಂದಿನ ಅರಸರ ಹೆಸರನ್ನು ಹೊಸ ಪಾತ್ರೆಗಳ ಮೇಲೆ ಬರೆದದ್ದುಂಟು. ಸಂದೇಹವಿದ್ದಾಗ ವಿಜ್ಞಾನವು ನೆರವಿಗೆ ಬರುತ್ತದೆ. ಮಣ್ಣಿನಲ್ಲಿರುವ ಹರಳುಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ನಿಧಾನವಾಗಿ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯ ಬೆಂಕಿಯಲ್ಲಿ ಆ ಸಂಗ್ರಹ ಬರಿದಾಗಿ, ಮರುಕ್ಷಣದಿಂದ ಹೊಸದಾಗಿ ತುಂಬತೊಡಗುತ್ತದೆ. ತಳದಿಂದ ತೆಗೆದ ಚಿಟಿಕೆ ಪುಡಿಯನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಕಾಯಿಸಿದಾಗ ಆ ಶಕ್ತಿ ಬೆಳಕಾಗಿ ಹೊಮ್ಮುತ್ತದೆ. ಬೆಳಕನ್ನು ಅಳೆದು, ಪಾತ್ರೆ ಬೆಂದು ಎಷ್ಟು ಕಾಲವಾಯಿತೆಂದು ಅಂದಾಜು ಮಾಡುತ್ತಾರೆ. ಇದಕ್ಕೆ ಉಷ್ಣದೀಪ್ತಿ ಪರೀಕ್ಷೆ ಎಂದು ಹೆಸರು.

ಆದರೆ ಪಾತ್ರೆಯ ವಯಸ್ಸು ತಿಳಿದರೆ ಎಲ್ಲವೂ ತಿಳಿದಂತಾಗಲಿಲ್ಲ. ಅದು ಎಲ್ಲಿ, ಯಾವುದರೊಡನೆ, ಹೇಗೆ ಇತ್ತು ಎಂಬುದೇ ಚರಿತ್ರೆಯ ಜೀವಾಳ. 1998ರಲ್ಲಿ ಇಂಡೋನೇಷ್ಯದ ಬೆಲಿಟುಂಗ್ ದ್ವೀಪದ ಬಳಿ ಮುಳುಗಿದ ಹಡಗೊಂದು ಪತ್ತೆಯಾಯಿತು. ಅದರಲ್ಲಿ ಸುಮಾರು 60,000 ಚೀನೀ ಪಾತ್ರೆಗಳಿದ್ದವು. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸಮನಾದ ತಾರೀಖಿತ್ತು. ದೊಡ್ಡ ಜಾಡಿಗಳ ಒಳಗೆ ಬಟ್ಟಲುಗಳನ್ನು ಸುರುಳಿಸುರುಳಿಯಾಗಿ ಅಡಕಿ ತುಂಬಿದ್ದರು. ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ಹಗ್ಗದಿಂದ ಹೊಲಿದು ಜೋಡಿಸಲಾಗಿತ್ತು. ಅದು ಪಶ್ಚಿಮ ಏಷ್ಯದವರ ನೌಕಾನಿರ್ಮಾಣದ ರೀತಿ. ಹೀಗೆ 9ನೆಯ ಶತಮಾನದಲ್ಲಿಯೇ ಅರಬ್ ನಾಡಿಗೂ ಚೀನಾಕ್ಕೂ ನಡುವೆ ಬೃಹತ್ ಕಡಲ ವ್ಯಾಪಾರವಿತ್ತೆಂಬುದಕ್ಕೆ ಪ್ರತ್ಯಕ್ಷ ಸಾಕ್ಷ್ಯ ದೊರೆಯಿತು. ಈ ಸಂಪತ್ತಿನ ಬಹುಭಾಗ ಇಂದು ಸಿಂಗಪುರದಲ್ಲಿ ಒಟ್ಟಾಗಿ ಉಳಿದಿದೆ. ಆದರೂ ಅದನ್ನು ಮೇಲೆತ್ತಿದ್ದು ವ್ಯಾಪಾರೀ ಸಂಸ್ಥೆ ಎಂಬ ಕಾರಣಕ್ಕೆ ಪುರಾತತ್ತ್ವಜ್ಞರು ಆಕ್ಷೇಪಿಸಿದರು. ವಾಷಿಂಗ್ಟನ್ನಿನಲ್ಲಿ ಏರ್ಪಾಡಾಗಿದ್ದ ಪ್ರದರ್ಶನವು 2011ರಲ್ಲಿ ರದ್ದಾಯಿತು.

1752ರಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ ಹಡಗಿನ ಸರಕಿಗೆ ಆ ಭಾಗ್ಯವೂ ಇರಲಿಲ್ಲ. 1985ರಲ್ಲಿ ಮೇಲೆತ್ತಿದ ಒಂದು ಲಕ್ಷಕ್ಕೂ ಮಿಕ್ಕ ಪಿಂಗಾಣಿ ಪಾತ್ರೆಗಳು ಮರುವರ್ಷ ಆಮ್ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಲೋಕದ ಮೂಲೆಮೂಲೆಗೆ ಚದುರಿಹೋದವು. ಕೊಂಡವರಿಗೆ ಚೆಲುವಾದ ತಟ್ಟೆ, ಬಟ್ಟಲುಗಳು ದೊರೆತವು. ಆದರೆ ಆ ಹಡಗಿನ ಒಡಲನ್ನು ಸರಿಯಾಗಿ ಅಳೆದು ದಾಖಲಿಸುವ ಅವಕಾಶ ಕೈತಪ್ಪಿತು. ಇಂತಹ ನಷ್ಟವನ್ನು ತಡೆಯಲೆಂದೇ ಯುನೆಸ್ಕೋ ಸಂಸ್ಥೆಯು 2001ರಲ್ಲಿ ಜಲಗತ ಪರಂಪರೆಯ ರಕ್ಷಣೆಗಾಗಿ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಭಾರತದಲ್ಲಿಯೂ 1972ರ ಪ್ರಾಚ್ಯವಸ್ತು ಕಾಯಿದೆಯು ಹಳೆಯ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ.

ಹಂಪೆಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಅಂಗಡಿಯಲ್ಲಿಟ್ಟರೆ ಆ ಚೂರುಗಳಿಗೆ ಬೆಲೆಯಿಲ್ಲ. ಆದರೆ ಸಿಕ್ಕ ನೆಲೆಯೊಡನೆ ನೋಡಿದಾಗ, ವಿಜಯನಗರದ ಸಿರಿವಂತರ ಮನೆಗಳಿಗೂ ಚೀನಾದ ಆವಿಗೆಗಳಿಗೂ ಇದ್ದ ನಂಟನ್ನು ಅವು ಸಾರುತ್ತವೆ. ಮೂಲವನ್ನು ವಿಚಾರಿಸದೆ ಕೊಂಡ ಇಡೀ ಜಾಡಿಯು ಮೂಕವಾಗಿರಬಹುದು. ನೆಲೆಯರಿತು ಕಾಪಾಡಿದ ಒಡಕು ಚೂರೂ ಮಾತನಾಡಬಲ್ಲುದು. ಈ ವಿವೇಕವುಳ್ಳವನೇ ನಿಜವಾದ ಸಂಗ್ರಾಹಕ.